ತಲೆಯಿಲ್ಲದೆ ಬಂದ ಕೆಂಪು ಮೀನು

ದೊಡ್ಡ ಕಣ್ಣಿನ ಆ ಕೆಂಪು ಮೀನನ್ನು ಪೇಟೆಯಲ್ಲಿ ಕಂಡಾಗಲೆಲ್ಲ ದೊಡ್ಡಮ್ಮನ ನೆನಪಾಗುತ್ತದೆ.

ತೊಂಬತ್ತರ ದಶಕದ ಕೊನೆ. ಅವಳು ಹೊನ್ನಾವರದಲ್ಲಿ ಮೀನು ಮಾರುತ್ತಿದ್ದಳು, ನಾನು ಕುಮಟೆಯಲ್ಲಿ ರೂಮು ಮಾಡಿಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ಬೋಟುಗಳು ಹೆಚ್ಚು ಆಳಕ್ಕೆ ಹೋಗತೊಡಗಿ, ನಮ್ಮವರು ಕಂಡಿರದ ಈ ಮೀನು ಬಲೆಗೆ ಬೀಳುತ್ತಿತ್ತು. ತಿನ್ನಬಹುದೋ ಎಂದು ಗಿರಾಕಿಗಳು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಒಬ್ಬರ ಹೊಟ್ಟೆ ಕೆಟ್ಟರೂ ಇಷ್ಟು ವರ್ಷದ ನಂಬಿಕೆ ನೀರುಪಾಲಾಗುತ್ತಿತ್ತು. ಒಂದು ಕಳಿಸು, ಪುಸ್ತಕ ನೋಡಿ ಜಾತಿ ಹೇಳುತ್ತೇನೆ ಎಂದು ನಾನು ಜಂಬ ಕೊಚ್ಚಿಕೊಂಡೆ.

ಮೂರು ದಿನ ಬಿಟ್ಟು ಬಸ್ಸಿನ ಕಂಡಕ್ಟರ್ ಕೈಲಿ ಸ್ಟೀಲ್ ಡಬ್ಬಿ ಬಂತು. ಮುಚ್ಚಳ ತೆಗೆದು ತಲೆ ಚಚ್ಚಿಕೊಂಡೆ. ಮೀನಿಗೆ ತಲೆಯಿಲ್ಲ, ರೆಕ್ಕೆಯಿಲ್ಲ! ಚರ್ಮ ಸುಲಿದು, ತುಂಡು ಮಾಡಿ, ಉಪ್ಪು ಅರಿಶಿನ ಸವರಿದ್ದಳು. ಗುರುತು ಹಿಡಿಯಬೇಕಾದದ್ದೆಲ್ಲ ತಿಪ್ಪೆ ಸೇರಿತ್ತು. ಸಿಟ್ಟಿಗೆ ಅಷ್ಟನ್ನೂ ಬೀದಿಯ ಬೆಕ್ಕುಗಳಿಗೆ ಹಾಕಿ, ಎಸ್‌ಟಿಡಿ ಬೂತಿಗೆ ಹೋಗಿ, ಪೇಟೆ ಪಕ್ಕದ ಅಂಗಡಿಯ ಫೋನಿಗೆ ಅವಳನ್ನು ಕರೆಸಿ ಬೈದೆ.

"ಹೆಚ್ಚದೇ ಕಳಸೂಕೆ ನೀ ಎಂತ ಬೇರೆಯವಳಾ?" ಎಂದಳು. ಓದುವ ಮಕ್ಕಳಿಗೆ ಮೀನು ಕಳಿಸುವಾಗ ನಮ್ಮಲ್ಲಿ ಹಾಗೆಯೇ, ಒಲೆಗೆ ಇಡುವುದೊಂದು ಬಾಕಿ.

ಆಮೇಲೆ ಬೇಜಾರಿಲ್ಲದೆ ಬಾಯಿಮಾತಲ್ಲೇ ಮೀನಿನ ಚಿತ್ರ ಕಟ್ಟಿಕೊಟ್ಟಳು. ಕಣ್ಣೇ ಅರ್ಧ ಮುಖ. ಬಾಯಿ ಮೇಲಕ್ಕೆ ತಿರುಗಿದೆ. ಚರ್ಮ ಒರಟು, ಹೊಟ್ಟೆ ಕೆಳಗಿನ ರೆಕ್ಕೆಯ ಬುಡದಲ್ಲಿ ಕಪ್ಪು ಚುಕ್ಕೆ. ಕೆಲವಕ್ಕೆ ಹೊಟ್ಟೆಯ ಚೀಲವೇ ಬಾಯಿಗೆ ಬಂದಿತ್ತಂತೆ. ಬೆಳಕು ಕಮ್ಮಿಯಿರುವ ಆಳದ್ದೇ ಇರಬೇಕು, ಗಡಬಡಿಸಿ ಮೇಲೆ ಎಳೆದದ್ದು ಅದಕ್ಕೆ ತಡೆದಿಲ್ಲ ಎಂದಳು. ಒಮ್ಮೆಯೂ ಬೋಟು ಹತ್ತದವಳು! ನಾನು ಅಂಗೈ ಮೇಲೆಲ್ಲ ಬರೆದುಕೊಂಡೆ.

ಮರುದಿನ ಕಾಲೇಜಿನ ಪುಸ್ತಕದಲ್ಲಿ ಚಿತ್ರ ಸಿಕ್ಕಿತು. ಅವಳು ಹೇಳಿದ ಒಂದೂ ಗುರುತು ತಪ್ಪಿರಲಿಲ್ಲ. ಆಳದ ತಳದಲ್ಲಿ ವಾಸ, ತಿನ್ನಲು ಯೋಗ್ಯ ಎಂದಿತ್ತು. ಓಡಿಹೋಗಿ ಫೋನ್ ಮಾಡಿ, ತಿನ್ನಬಹುದು, ಧೈರ್ಯವಾಗಿ ಮಾರು ಎಂದೆ.

"ನಿಂಗೆ ಕಳಸೂಕೆ ಮೊದ್ಲೇ ನಾ ಸಾರು ಮಾಡಿ ತಿಂದು, ಎರಡು ದಿನ ಕಾದು ನೋಡಿದ್ದೆ ಮಗಾ. ಎಂತದೂ ಆಗಿಲ್ಲ. ಆದ್ರೆ ನನ್ನೊಬ್ಬಳ ಹೊಟ್ಟೆ ನಂಬಿ ಊರಿಗೆ ಮಾರೂಕೆ ಆಗ್ತದ್ಯಾ? ಈಗ ಪುಸ್ತಕವೂ ಹೇಳ್ತು, ಆತು."

ಫೋನಿಡುವ ಮೊದಲು ಅವಳೇ ಕೇಳಿದಳು, "ತುಂಡು ಹುರ್ದ್ಯಾ? ರುಚಿ ಇತ್ತಾ?"

ಇತ್ತು ದೊಡ್ಡಮ್ಮ, ಬಹಳ ಇತ್ತು ಎಂದೆ.