ಉಮ್ಮ ಹೇಳಿದ ಮೂರು ವರ್ಷ

ಸುಳ್ಯದ ಕಾಲೇಜಿನಲ್ಲಿ ಮಧ್ಯಾಹ್ನದ ಕ್ಲಾಸಿಗೆ ಮೆಟ್ಟಿಲು ಹತ್ತುತ್ತಿದ್ದವನು ಅರ್ಧದಲ್ಲೇ ಕುಳಿತುಬಿಟ್ಟೆ. ಹೊಕ್ಕುಳಿನ ಬಲಕ್ಕೆ ಒದ್ದೆ ಬಟ್ಟೆ ಹಿಂಡಿದಂಥ ನೋವು. ಬೆವರು. ಹುಡುಗರು ನಮಸ್ತೆ ಹೇಳಿ ಬದಿಯಿಂದ ಹೋದರು. ಅದೇ ಮೊದಲ ನೋವು ಎಂದು ಬರೆಯಲು ಹೊರಟೆ. ಮೊದಲನೆಯದು ಹೌದೇ ಎಂಬುದು ಈಗ ನನಗೇ ಗೊತ್ತಿಲ್ಲ.

ನಾನು ಅಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಮನೆ ಕಬಕದಲ್ಲಿ. ಆ ದಿನಗಳಲ್ಲಿ ಪುತ್ತೂರಿನಿಂದ ಸುಳ್ಯದ ತನಕದ ದಾರಿ ನನಗೆ ನೆನಪಿರುತ್ತಿದ್ದದ್ದು ಶೌಚಾಲಯಗಳಿಂದ. ಕುಂಬ್ರದಲ್ಲಿ ಒಂದು ಹೋಟೆಲು, ಜಾಲ್ಸೂರಿನಲ್ಲಿ ಒಂದು ಪೆಟ್ರೋಲ್ ಬಂಕು. ಏನೂ ತಿನ್ನದೆ ಬಸ್ಸು ಹತ್ತುತ್ತಿದ್ದೆ. ಪ್ಯಾಂಟು ಸಡಿಲವಾಯಿತು. ಎಲ್ಲರೂ ಗ್ಯಾಸ್ಟ್ರಿಕ್ ಎಂದರು. ನಾನೂ ಹಾಗೇ ಅಂದುಕೊಂಡೆ.

ಕೊನೆಗೆ ಉಮ್ಮ ಪುತ್ತೂರಿನ ಒಂದು ಆಸ್ಪತ್ರೆಗೆ ಎಳೆದುಕೊಂಡು ಹೋದರು.

"ಎಷ್ಟು ಸಮಯದಿಂದ?" ಡಾಕ್ಟರು ನನ್ನನ್ನು ಕೇಳಿದರು.

"ಎರಡು ತಿಂಗಳಿಂದ ಇರಬಹುದು."

"ಇವನ ಮಾತು ಕೇಳ್ಬೇಡಿ ಡಾಕ್ಟ್ರೆ," ಎಂದರು ಉಮ್ಮ. "ಮೂರು ವರ್ಷ ಆಯ್ತು. ಹಾಸ್ಟೆಲಿನಿಂದ ಬರುವಾಗ್ಲೇ ಹೊಟ್ಟೆ ಹಿಡ್ಕೊಂಡು ಬರ್ತಿದ್ದ."

ನಮ್ಮ ಕಡೆ ರೋಗಿಗೆ ಮಾತಿನ ಸರದಿ ಸಿಗುವುದು ಕಡಿಮೆ. ಜೊತೆಗೆ ಹೋದವರೇ ಹೇಳುತ್ತಾರೆ, ತುಸು ಉದ್ದ ಮಾಡಿಯೇ ಹೇಳುತ್ತಾರೆ. ನಿನ್ನೆಯ ಜ್ವರ ಡಾಕ್ಟರ ಎದುರು ಒಂದು ವಾರದ್ದಾಗುತ್ತದೆ. ಹಾಗೆ ಹೇಳದಿದ್ದರೆ ಮಾತ್ರೆ ಬರೆದು ಕಳಿಸಿಬಿಡುತ್ತಾರೆ ಎಂಬ ಭಯ. ಡಾಕ್ಟರು ಉಮ್ಮನ ಮೂರು ವರ್ಷವನ್ನೇ ಕೇಸ್ ಶೀಟಿನಲ್ಲಿ ಬರೆದುಕೊಂಡರು. ಸ್ಕ್ಯಾನ್, ಕೊಲೊನೋಸ್ಕೋಪಿ, ಬಯಾಪ್ಸಿ.

ಕ್ರೋನ್ಸ್ ಡಿಸೀಸ್.

ಸಣ್ಣ ಕರುಳಿನ ತುದಿ ಬಾತುಕೊಂಡು ಕಿರಿದಾಗಿತ್ತು. ಪೂರ್ತಿ ಗುಣವಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದು ಎಂದರು. ಅಡ್ಮಿಟ್ ಆದೆ. ಈಗ ಸ್ಟೀರಾಯ್ಡ್, ಮುಂದೆ ವರ್ಷಗಟ್ಟಲೆ ಇಂಜೆಕ್ಷನ್, ಅಗತ್ಯ ಬಿದ್ದರೆ ಸರ್ಜರಿ. ಇಪ್ಪತ್ತೇಳರ ವಯಸ್ಸಿನಲ್ಲಿ ಜೀವಮಾನವಿಡೀ ಎಂಬ ಮಾತನ್ನು ಕೇಳಿ ನನಗೆ ದುಃಖಕ್ಕಿಂತ ಹೆಚ್ಚು ಸುಸ್ತಾಯಿತು.

ಓದುವಾಗ, ಶಾರ್ಜಾದಲ್ಲಿ ದುಡಿಯುವ ಬಾಪನ ಫ್ಯಾಮಿಲಿ ಪಾಲಿಸಿಯಲ್ಲಿ ನನ್ನ ಹೆಸರಿತ್ತು. ಇಪ್ಪತ್ತೈದು ತುಂಬಿದಾಗ ಅದು ತಾನಾಗಿ ಬಿದ್ದುಹೋಯಿತು. ಫೀಸಿನ ಜೊತೆ ಮಾಡಿಸಿದ್ದ ವಿದ್ಯಾರ್ಥಿ ವಿಮೆ ಅಪಘಾತಕ್ಕೆ ಮಾತ್ರ, ಅದೂ ಕೋರ್ಸು ಮುಗಿಯುವವರೆಗೆ. ಬಾಪನ ಪಾಲಿಸಿಯಿಂದ ಹೊರಬಿದ್ದ ಕೂಡಲೇ ನನ್ನ ಹೆಸರಿಗೆ ಮುಂದುವರಿಸಿಕೊಂಡಿದ್ದರೆ ಹಳೆಯ ವರ್ಷಗಳೂ ಲೆಕ್ಕಕ್ಕೆ ಬರುತ್ತಿದ್ದವಂತೆ. ಅದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೆಲವು ತಿಂಗಳು ಯಾವ ವಿಮೆಯೂ ಇಲ್ಲದೆ ಕಳೆದವು. ಆಮೇಲೆ ಮಾವನ ಮಗ ನಿಝಾಮ್ ಏಜೆಂಟ್ ಆದ. ಅವನ ಕಾಟಕ್ಕೆ ಹೊಸ ಪಾಲಿಸಿ ಮಾಡಿಸಿದೆ. ಮೊದಲೇ ಇದ್ದ ಕಾಯಿಲೆಗೆ ಅದರಲ್ಲಿ ದುಡ್ಡು ಸಿಗಲು ಮೂರು ವರ್ಷ ಕಾಯಬೇಕು, ಅದಕ್ಕೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಕಂಪನಿಯೇ ಆಸ್ಪತ್ರೆಗೆ ನೇರ ಬಿಲ್ಲು ಕಟ್ಟುವ ಕ್ಯಾಶ್‌ಲೆಸ್ ನಿಂತುಹೋಯಿತು.

ಕೇಸ್ ಶೀಟಿನಲ್ಲಿರುವ ಮೂರು ವರ್ಷದ ನೋವನ್ನು ಪಾಲಿಸಿ ಮಾಡಿಸುವಾಗ ಯಾಕೆ ತಿಳಿಸಲಿಲ್ಲ, ಆಗ ಡಾಕ್ಟರಿಗೆ ತೋರಿಸಿದ್ದಿರಾ ಎಂದು ಕಂಪನಿ ಕೇಳಿತು. ಮುಚ್ಚಿಟ್ಟಿದ್ದೇನೆ ಎಂದು ಅವರಿಗೆ ಅನಿಸಿದರೆ ಪಾಲಿಸಿಯೇ ರದ್ದು. ಈ ಕಾಯಿಲೆಯ ಹೆಸರು ಹೊತ್ತವನನ್ನು ಇನ್ನೊಂದು ಕಂಪನಿ ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ.

ನಿಝಾಮ್ ನನ್ನ ಬೆಡ್ಡಿನ ಪಕ್ಕ ನಿಂತು ಹಣೆ ಚಚ್ಚಿಕೊಂಡ. "ಮಾಮಿ, ನಿಮ್ಮ ಹತ್ರ ವರ್ಷ ಯಾರು ಕೇಳಿದ್ದು? ತಪ್ಪಿ ಹೇಳಿದೆ ಅಂತ ಡಾಕ್ಟ್ರಿಗೆ ಹೇಳಿ, ಬರೆದು ಕೊಡ್ತಾರೆ."

"ಹೇಳುವ, ಅದಕ್ಕೆಂತ?" ಎಂದರು ಉಮ್ಮ. "ಬೇಕಾದ್ರೆ ನನಗೆ ತಲೆ ಸರಿ ಇಲ್ಲ ಅಂತಲೇ ಬರ್ಕೊಳ್ಳಲಿ."

"ಉಮ್ಮ, ನಿಜವಾಗಿ ಆಗ ನೋವಿತ್ತಾ?"

"ಹೊಟ್ಟೆ ನಿನ್ನದ್ದಾ, ನನ್ನದ್ದಾ?"

ಹಾಸ್ಟೆಲಿನ ದಿನಗಳನ್ನು ಕೆದಕಿದಾಗ ಒಂದು ಕ್ಲಿನಿಕ್ ಕಾಣುತ್ತದೆ. ಹಸಿರು ಪರದೆ, ಮರದ ಬೆಂಚು, ಬೆಂಚಿನಲ್ಲಿ ಬಗ್ಗಿ ಕುಳಿತ ಒಬ್ಬ. ಅವನು ನಾನೋ, ನನ್ನ ರೂಮ್‌ಮೇಟ್ ದೀಕ್ಷಿತನೋ? ನಿನ್ನೆಯ ತನಕ ಇಲ್ಲದಿದ್ದ ಈ ಪರದೆ ಕಂಪನಿ ಕೇಳಿದ ಮೇಲೆ ಹೇಗೆ ಬಂತು? ಸಾಕ್ಷಿಯ ನೆನಪನ್ನು ನಂಬಬೇಡಿ ಎಂದು ಕ್ಲಾಸಿನಲ್ಲಿ ಹೇಳುವವನು ನಾನು. ಆಸ್ಪತ್ರೆಯ ಬೆಡ್ಡಿನಲ್ಲಿ ಮಲಗಿದಾಗ ಆ ಪಾಠ ಯಾವ ಉಪಯೋಗಕ್ಕೂ ಬರಲಿಲ್ಲ.

ಕಾಣಿಯೂರಿನಲ್ಲಿರುವ ದೀಕ್ಷಿತನಿಗೆ ಫೋನ್ ಮಾಡಿದೆ.

"ಹೋದದ್ದು ಉಂಟು ಮಾರಾಯ," ಎಂದ. "ಮೆಸ್ಸಿನ ಸಾಂಬಾರು ತಿಂದು ಇಬ್ಬರಿಗೂ ಆಗಿತ್ತಲ್ಲ. ಚೀಟಿ ಯಾರ ಹೆಸರಲ್ಲಿ ಮಾಡಿಸಿದ್ದೋ ಗೊತ್ತಿಲ್ಲ. ನೀನು ಡಾಕ್ಟ್ರನ್ನೂ ನಂಬುದಿಲ್ಲ, ತೋರಿಸಿದ್ದು ಡೌಟೇ."

ಮರುದಿನ ರೌಂಡ್ಸಿಗೆ ಬಂದ ಡಾಕ್ಟರ ಹತ್ತಿರ ಆ ಮೂರು ವರ್ಷದ ಮಾತು ತೆಗೆದೆ. ಅವರು ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಹೇಳಿದರು, "ನೀವು ಹೇಳಿದ ಎರಡು ತಿಂಗಳನ್ನೇ ನಂಬಿದ್ದರೆ ಇನ್ನೊಂದು ತಿಂಗಳು ಮಾತ್ರೆ ಕೊಟ್ಟು ನೋಡುವ ಅಂತಿದ್ದೆ. ಕೊಲೊನೋಸ್ಕೋಪಿ ಬರೆದದ್ದು ನಿಮ್ಮ ತಾಯಿಯ ಮಾತು ಕೇಳಿ."

ಉಮ್ಮ ಬಾಗಿಲ ಬಳಿ ಫ್ಲಾಸ್ಕ್ ಹಿಡಿದು ನಿಂತಿದ್ದರು.

ಕೇಸ್ ಶೀಟಿನ ಮೂರು ವರ್ಷವನ್ನು ತಿದ್ದಿಸಬೇಡ ಎಂದು ನಿಝಾಮನಿಗೆ ಹೇಳಿದೆ. ಈ ಕಾಯಿಲೆ ಪತ್ತೆಯಾದದ್ದು ಈಗಲೇ ಎಂದು ಡಾಕ್ಟರು ಸರ್ಟಿಫಿಕೇಟ್ ಕೊಟ್ಟರು. ಅದರ ಜೊತೆ ನಾನೂ ಬರೆದೆ: ಹಾಸ್ಟೆಲಿನಲ್ಲಿ ಆಗೀಗ ಹೊಟ್ಟೆನೋವು ಬಂದಿರಬಹುದು, ಒಮ್ಮೆ ಕ್ಲಿನಿಕ್ಕಿಗೆ ಹೋದದ್ದುಂಟು, ನನಗಾಗಿಯೋ ಗೆಳೆಯನಿಗಾಗಿಯೋ ನೆನಪಿಲ್ಲ.

ನಿಝಾಮ್ ಓದಿ ಕಣ್ಣು ಮುಚ್ಚಿಕೊಂಡ. "ಇಂಥ ಉತ್ತರ ಬರೆದರೆ ನೀನು ನಿನ್ನ ಸ್ಟೂಡೆಂಟ್ಸಿಗೆ ಮಾರ್ಕ್ ಕೊಡ್ತಿಯಾ?"

"ಇಲ್ಲ."

"ಮತ್ತೆ?"

"ನನಗೆ ಗೊತ್ತಿರುವುದು ಇಷ್ಟೇ ಮಾರಾಯ."

ಬಿಲ್ಲನ್ನು ಬಾಪ ಶಾರ್ಜಾದಿಂದಲೇ ಕಟ್ಟಿದರು. ಮನೆಗೆ ಬಂದೆ. ಸ್ಟೀರಾಯ್ಡಿನಿಂದ ಮುಖ ಊದಿತ್ತು, ನಿದ್ರೆ ಹತ್ತಿರ ಸುಳಿಯುತ್ತಿರಲಿಲ್ಲ, ಕನ್ನಡಿ ನೋಡುವುದನ್ನು ಬಿಟ್ಟೆ. ಆದರೆ ನೋವು ಇಳಿಯಿತು. ಒಂದು ದಿನ ಕುಂಬ್ರ ದಾಟಿದ್ದು ಗೊತ್ತೇ ಆಗದೆ ಸುಳ್ಯ ಮುಟ್ಟಿದೆ.

ಕಂಪನಿಯ ಉತ್ತರ ಬಂದಾಗ ನಿಝಾಮ್ ಮನೆಗೇ ಬಂದು ಓದಿ ಹೇಳಿದ. ಈ ಸಲದ ಕ್ಲೇಮ್ ಕೊಡುವುದಿಲ್ಲ. ಪಾಲಿಸಿ ರದ್ದಿಲ್ಲ. ಕಾಯುವ ಅವಧಿ ಮುಗಿದ ಮೇಲೆ ಈ ಕಾಯಿಲೆಗೂ ಸಿಗುತ್ತದೆ, ವರ್ಷ ತಪ್ಪದೆ ರಿನ್ಯೂ ಮಾಡುತ್ತಿರಬೇಕು.

ಉಮ್ಮ ಒಲೆಯ ಕಡೆಯಿಂದ ಕೈ ಒರೆಸಿಕೊಂಡು ಬಂದರು. "ಅಂದ್ರೆ ಎಂತ? ಸಿಕ್ಕಿತಾ, ಇಲ್ವಾ?"

"ಈಗ ಇಲ್ಲ ಮಾಮಿ. ಇನ್ನು ಒಂದೂವರೆ ವರ್ಷ ಕಳೆದ ಮೇಲೆ."

ಉಮ್ಮ ಬೆರಳು ಮಡಚಿ ತಿಂಗಳ ಲೆಕ್ಕ ಹಾಕಿದರು. "ಹಾಗಾದ್ರೆ ಅಷ್ಟು ಸಮಯ ಇವ ಗಟ್ಟಿ ಇರ್ತಾನೆ ಅಂತ ಅವರಿಗೂ ನಂಬಿಕೆ ಉಂಟಲ್ಲ?"

ನಿಝಾಮ್ ನನ್ನ ಮುಖ ನೋಡಿದ. ಕಂಪನಿಯ ಮಾತಿಗೆ ಆ ಅರ್ಥವಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಹೌದು ಉಮ್ಮ," ಎಂದೆ.

"ಅಲ್‌ಹಮ್ದುಲಿಲ್ಲಾ," ಎಂದು ಅವರು ಗಂಜಿ ಬಡಿಸಲು ಒಳಗೆ ಹೋದರು.