ಬೀಗರು ಎಣಿಸಿದ ಸುತ್ತು

ಜಾಕು ಜಾರಬಹುದಿತ್ತು. ಮೋಟಾರು ನನ್ನ ಎದೆಯ ಮೇಲೆ ಕೂರಬಹುದಿತ್ತು. ಅದಕ್ಕೆಂದು ಹೈದರಾಬಾದಿನಿಂದ ಬರುವ ಗೇರು ದಾರಿಯಲ್ಲೇ ಕಳೆದುಹೋಗಬಹುದಿತ್ತು. ಔರಾದದ ಆಚೆ ಹಳ್ಳದಲ್ಲಿ ಗಾಡಿ ಹೂತು ಬಸುರಿ ಮಗಳು ನಡೆಯಬೇಕಾಗಬಹುದಿತ್ತು. ಟೈರು ಸೀಳಬಹುದಿತ್ತು, ಬೀಗರು ಮುನಿಯಬಹುದಿತ್ತು. ಇಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಹೆಂಡತಿಯ ಮುಂದೆ ಹೇಳಿ ಮುಗಿಸಿದೆ.

“ಅದಕ್ಕಿಂತ ಮೊದಲ ಚಾ ಆರ್ತದ, ಕುಡೀರಿ,” ಅಂದಳು ಅವಳು.

ನಿಜಾಮನ ಮೇಲೆ ಪೊಲೀಸ್ ಕಾರ್ಯಾಚರಣೆಯಾದ ಮರುವರ್ಷದ ಮಾತು. ಬೀದರ ಬಿಟ್ಟುಹೋದ ಅಧಿಕಾರಿಯೊಬ್ಬರಿಂದ ನಾನು ಕೊಂಡ ಹಳೆಯ ಮೋಟಾರು ಮೈಲೂರಿನ ನಮ್ಮ ಮನೆಯ ಮುಂದೆ ಬಂದು ನಿಂತಿತ್ತು. ಅದರ ಕಾಗದಪತ್ರವೆಲ್ಲ ಉರ್ದುವಿನಲ್ಲಿತ್ತು. ಹೊಟ್ಟೆಯೊಳಗೆ ಯಾವ ಗೇರಿದೆ ಎಂಬುದು ಮಾತ್ರ ಯಾವ ಲಿಪಿಯಲ್ಲೂ ಇರಲಿಲ್ಲ. ಓಡತೊಡಗಿದರೆ ಹಿಂದಿನ ಅಚ್ಚಿನಿಂದ ಒಂದೇ ಸಮನೆ ನರಳಾಟ.

ಮಗಳು ಡಾಬಕಾದಲ್ಲಿ, ಗಂಡನ ಮನೆಯಲ್ಲಿದ್ದಳು. ಚೊಚ್ಚಲ ಬಸುರು, ಏಳನೆಯ ತಿಂಗಳು. ಎಂಟರಲ್ಲಿ ಬಸುರಿಯನ್ನು ತವರಿಗೆ ಕರೆತರುವ ಪದ್ಧತಿಯಿಲ್ಲ. ಎಂಟು ಬೀಳಲು ಮೂರು ವಾರವಿತ್ತು. ಅಷ್ಟರಲ್ಲಿ ಅವಳ ಮಾವ, ನಮ್ಮ ಬೀಗರು, ಗಾಡಿಯನ್ನು ಕಣ್ಣಾರೆ ನೋಡಲು ತಾವೇ ಬಂದರು. ಒಂದು ಸುತ್ತು ಕೂಡಿಸಿಕೊಂಡು ಬಂದೆ. ಇಳಿದವರು ಹಿಂದಿನ ಗಾಲಿಯ ಕಡೆ ಕಿವಿಗೊಟ್ಟರು.

“ಬೀಗರ, ನಿಮ್ಮ ಮೋಟಾರ ಹಿಂದಿಂದ ಅಳ್ತದಲ್ರಿ. ಅಳೋ ಗಾಡ್ಯಾಗ ನಾ ಸೊಸಿನ್ನ ಕಳಸಾಂಗಿಲ್ರಿ.”

ಹಿಂದಿನ ಅಚ್ಚಿನ ಎರಡು ಗೇರುಚಕ್ರಗಳ ಹಲ್ಲು ಸವೆದಿದೆ, ಜೋಡಿಯನ್ನೇ ಬದಲಿಸಬೇಕು ಎಂದ ನಾನು ಕರೆಸಿದ ಮಿಸ್ತ್ರಿ. ಅಂಥ ಗಾಡಿಗೆ ಎರಡು ನಮೂನೆಯ ಜೋಡಿಗಳಿದ್ದವು: ಬಯಲಿನದು, ಘಟ್ಟದ್ದು. “ಯಾವ್ದ್ ಅದ ನೋಡ್ಕೊಂಡು ಹೈದರಾಬಾದಿಗೆ ಬರೀರಿ ಸಾಬ್. ಈಗ್ಲೇ ಬಿಚ್ಚಿದ್ರ ಸಾಮಾನ ಬರೋತನಕ ಗಾಡಿ ಧೂಳಿನ್ಯಾಗ ಬಿಚ್ಕೊಂಡೇ ಕೂಡ್ತದ.” ಬಿಚ್ಚದೆ ತಿಳಿಯುವ ಉಪಾಯವನ್ನೂ ಅವನೇ ಹೇಳಿ ಹೋದ: ಹಿಂದಿನ ಒಂದು ಗಾಲಿ ನೆಲದಲ್ಲಿರಲಿ, ಇನ್ನೊಂದನ್ನು ಜಾಕಿನಿಂದ ಎತ್ತಿ, ಗೇರು ಬಿಡಿಸಿ, ಕೈಯಿಂದ ತಿರುಗಿಸಬೇಕು. ಒಂದು ಗಾಲಿ ನಿಂತಿರುವಾಗ, ಎರಡು ಗಾಲಿಗೂ ಸುತ್ತು ಹಂಚುವ ಡಿಫರೆನ್ಶಿಯಲ್ ಅರ್ಧ ಸುತ್ತನ್ನು ನುಂಗುತ್ತದೆ; ಆದ್ದರಿಂದ ಗಾಲಿಯನ್ನು ಪೂರಾ ಎರಡು ಸುತ್ತು ತಿರುಗಿಸಬೇಕು. ಆಗ ನಡುವಿನ ಉದ್ದ ದಂಡ ಎಷ್ಟು ಸುತ್ತು ತಿರುಗಿತೋ ಅದೇ ಲೆಕ್ಕ. ನಾಲ್ಕು ಚಿಲ್ಲರೆಯಾದರೆ ಬಯಲಿನದು, ಐದು ಚಿಲ್ಲರೆಯಾದರೆ ಘಟ್ಟದ್ದು.

ದಂಡಕ್ಕೆ ಸುಣ್ಣದ ಗೆರೆ ಎಳೆದೆ. ಎಣಿಸುವ ಕೆಲಸವನ್ನು ಬೀಗರೇ ವಹಿಸಿಕೊಂಡು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಗ್ಗಿದರು. ಕಣದಲ್ಲಿ ಜೋಳ ಅಳೆದು ಅಳೆದು ಪಳಗಿದ ನಾಲಿಗೆ ಅವರದು. ರಾಶಿ ಅಳೆಯುವವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ.

“ಲಾಭ!” ಎಂದು ಕೂಗಿದರು. ಆಮೇಲಿನದು ಜಾಕಿನ ಕಿರ್ರೆಂಬ ಸದ್ದಿನಲ್ಲಿ, ಎಲ್ಲಿ ಜಾರುತ್ತದೋ ಎಂಬ ನನ್ನ ದಿಗಿಲಿನಲ್ಲಿ ಮುಳುಗಿಹೋಯಿತು. ಕೊನೆಗೆ ಕೇಳಿದ್ದು, “ನಾಕ್ರೀ, ಮ್ಯಾಲ ಚೂರು.”

ಲಾಭದ ನಂತರ ಎರಡು ಅಂದರೋ, ಒಂದರಿಂದ ಶುರುಮಾಡಿದರೋ? ಒಂದರಿಂದಾದರೆ ನಿಜವಾದ ಲೆಕ್ಕ ಐದು. ಇನ್ನೊಮ್ಮೆ ಎಣಿಸಿ ಎನ್ನಲು ನಾಲಿಗೆ ಏಳಲಿಲ್ಲ. ಬೀಗರ ಅಳತೆಯನ್ನು ಮರಳಿ ಅಳೆಸುವುದೆಂದರೆ ಮಗಳನ್ನು ಡಾಬಕಾದಲ್ಲೇ ಬಿಟ್ಟಂತೆ. ಅವರು ಹೋದ ಮೇಲೆ ನಾನೇ ತಿರುಗಿಸಿ ನೋಡಬಹುದಿತ್ತು. ಆದರೆ ಅಷ್ಟರಲ್ಲಿ ಟಪಾಲು ತಪ್ಪುತ್ತದೆಂಬ ಚಿಂತೆ ಹತ್ತಿತ್ತು. ಇರಲಿ ಎಂದು ಒಂದು ಸೇರಿಸಿ, ಐದು ಚಿಲ್ಲರೆ ಎಂದು ಹೈದರಾಬಾದಿಗೆ ಬರೆದೆ.

ಎರಡು ವಾರಕ್ಕೆ ಜೋಡಿ ಬಂತು. ಹಳೆಯದನ್ನೂ ಹೊಸದನ್ನೂ ಬಟ್ಟೆಯ ಮೇಲಿಟ್ಟು ಹಲ್ಲೆಣಿಸಿದ ಮಿಸ್ತ್ರಿ ನನ್ನ ಮುಖ ನೋಡಿದ.

“ಹಳೇದು ಬಯಲಿಂದು. ನೀವು ಘಟ್ಟದ್ದು ತರ್ಸೀರಿ ಸಾಬ್. ಬೀದರದಾಗ ಘಟ್ಟ ಎಲ್ಲದ?”

“ಕೂಡ್ತದೇನ?”

“ಕೂಡ್ತದ. ಎಂಜಿನ್ ಬಹಳ ಕೂಗ್ತದ, ಗಾಡಿ ನಿಧಾನ ಹೋಗ್ತದ, ಇಷ್ಟೇ.”

ವಾಪಸು ಕಳಿಸಿ ತರಿಸಿದರೆ ಎಂಟನೆಯ ತಿಂಗಳು. ಹಾಕಿಸಿಬಿಟ್ಟೆ. ಹಿಂದಿನ ಅಳು ನಿಂತಿತು, ಮುಂದಿನ ಕೂಗು ಶುರುವಾಯಿತು. ಔರಾದದ ಮೇಲೆ ಹಾಯ್ದು ಡಾಬಕಾ ಮುಟ್ಟಿದಾಗ ಬೀಗರು ಹಿಂದಿನ ಗಾಲಿಗೆ ಮತ್ತೆ ಕಿವಿಗೊಟ್ಟರು.

“ಅಳೋದು ಬಿಟ್ಟದ. ಎತ್ತಿನಂಗ ನಿಧಾನಕ ಹೋಗ್ತದ ನೋಡ್ರಿ. ಕರ್ಕೊಂಡ್ ಹೋಗ್ರಿ.”

ಹಳ್ಳದ ಹೆದರಿಕೆಗೆ ಭಾಲ್ಕಿಯ ಹಾದಿಯಲ್ಲಿ ಮರಳಿದೆವು. ಈಗ ಆ ಮೋಟಾರಿಲ್ಲ. ಹೈದರಾಬಾದ್ ರಾಜ್ಯವೇ ಇನ್ನು ಇರುವುದಿಲ್ಲ ಎನ್ನುತ್ತಾರೆ. ಆದರೆ ಇಕ್ಕೆಲದ ತೊಗರಿಯ ಹೂವನ್ನು ಒಂದೊಂದಾಗಿ ಎಣಿಸಬಹುದಾದಷ್ಟು ನಿಧಾನವಾಗಿ ಮತ್ತೆ ಯಾವ ದಾರಿಯನ್ನೂ ನಾನು ಕಂಡಿಲ್ಲ. ಆಗ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ ಮಗಳು ಎದ್ದು ಕೇಳಿದಳು, “ಅಪ್ಪಾ, ಇನ್ನಾ ಭಾಲ್ಕೀನ? ನಡಕೋತ ಬಂದಿದ್ರ ಮುಟ್ತಿದ್ವಿ.”

ಟೈರು ಸೀಳಲಿಲ್ಲ, ಯಾರೂ ಮುನಿಯಲಿಲ್ಲ, ಬಸುರಿ ಒಂದು ಹೆಜ್ಜೆಯೂ ನಡೆಯಲಿಲ್ಲ. ಊರ ಹೊರಗಿನ ಏರಿನಲ್ಲಿ ಎಂಜಿನ್ನು ಕೂಗಿದ್ದನ್ನು ಕೇಳಿ, ಇನ್ನೇನು ಬಂದೇಬಿಟ್ಟರು ಎಂದು ನನ್ನ ಹೆಂಡತಿ ಆರತಿ ಹಚ್ಚಿ ಬಾಗಿಲಲ್ಲಿ ನಿಂತಿದ್ದಳು. ನಾವು ಬಂದು ಇಳಿಯುವ ಹೊತ್ತಿಗೆ ದೀಪದ ಎಣ್ಣೆ ತೀರಿತ್ತು.