ಎಳ್ಳ ಅಮಾವಾಸ್ಯೆಯ ದಿನ ಹಳ್ಳದಲ್ಲಿ ಒಬ್ಬಳೇ

ಊರಿಗೆ ಊರೇ ಖಾಲಿಯಾಗಿರುವುದನ್ನು ನೀವು ನೋಡಿದ್ದೀರಾ? ಮಂಗಳೂರಿನಲ್ಲಿ ಬಂದ್ ಇದ್ದ ದಿನವೂ ಮೂಲೆಯ ಗೂಡಂಗಡಿಯ ಹಿಂಬಾಗಿಲು ತೆರೆದಿರುತ್ತದೆ. ಸಿಂದಗಿ ತಾಲೂಕಿನ ಮೋರಟಗಿಯ ಹತ್ತಿರದ ಈ ಹಳ್ಳಿಯಲ್ಲಿ ಆ ಬೆಳಿಗ್ಗೆ ಬಸ್ಸಿಳಿದರೆ ಬಾಗಿಲಿಗೆಲ್ಲ ಕೀಲಿ. ಕಟ್ಟೆಯ ಮೇಲೆ ಬೀಡಿ ಸೇದುವ ಮುದುಕರೂ ಇಲ್ಲ. ಒಂದು ನಾಯಿ ತಲೆಯೆತ್ತಿ ನೋಡಿ, ಬೊಗಳುವಷ್ಟು ಬೆಲೆಯೂ ನನಗಿಲ್ಲವೆಂದು ಮತ್ತೆ ಮಲಗಿತು.

ಅದು ಹಳ್ಳಕ್ಕೆ ಒಡ್ಡು ಹಾಕುವ ಕೆಲಸ ಶುರುವಾಗಬೇಕಿದ್ದ ದಿನ. ನಾನೇ ಗೊತ್ತುಮಾಡಿದ ದಿನ. ಮನೆಗೊಬ್ಬರಂತೆ ಶ್ರಮದಾನಕ್ಕೆ ಬರಬೇಕಿತ್ತು. ಆ ತಿಂಗಳೊಳಗೆ ಕೆಲಸ ಶುರುವಾಗದಿದ್ದರೆ ಊರು ಯೋಜನೆಯಿಂದ ಹೊರಗೆ. ಮುಂದಿನ ಮಳೆ ಬಂದರೂ ಅದರ ನೀರು ನಿಲ್ಲದೆ ಹಳ್ಳ ಹಿಡಿದು ಹೋಗುತ್ತದೆ. ಗುದ್ದಲಿ, ಬುಟ್ಟಿಗಳ ರಾಶಿಯ ಪಕ್ಕ, ಒಣಗಿದ ಹಳ್ಳದಲ್ಲಿ, ಹೊತ್ತೇರುವವರೆಗೆ ಒಬ್ಬಳೇ ಕುಳಿತೆ.

ನೀರು ಉಳಿಸುವ ಈ ಯೋಜನೆಯ ಕೆಲಸಕ್ಕೆಂದು ಮಂಗಳೂರಿನಿಂದ ಸಿಂದಗಿಗೆ ನಾನು ಬಂದದ್ದು ಮಳೆಗಾಲದಲ್ಲಿ. ಮಳೆಗಾಲ ಎನ್ನುವುದು ನಮ್ಮ ಕಡೆಯ ಮಾತು; ಇಲ್ಲಿನ ಆಕಾಶಕ್ಕೆ ಅದು ಗೊತ್ತಿರಲಿಲ್ಲ. ಊರಿಂದ ತಂದ ಕೊಡೆ ಬಿಸಿಲಿಗೆ ಬಳಕೆಯಾಯಿತು. ಬಿಜಾಪುರದ ತರಬೇತಿಯಲ್ಲಿ ಹವಾಮಾನ ಬದಲಾವಣೆ ಎಂಬ, ಆಗಿನ್ನೂ ಹೊಸದಾಗಿದ್ದ ಮಾತು ಬಂದಾಗ ಎದ್ದು ನಿಂತು ಕೇಳಿದ್ದೆ: ತಲೆತಲಾಂತರದಿಂದ ಬರ ಕಂಡ ಸೀಮೆಗೆ ಇದರಲ್ಲಿ ಹೊಸದೇನು? ಬರ ಹಳೆಯದೇ, ಎರಡು ಬರಗಳ ನಡುವಿನ ಬಿಡುವು ಕಿರಿದಾಗುತ್ತಿದೆ, ಆ ಬಿಡುವಿನಲ್ಲೇ ಸಜ್ಜಾಗಬೇಕು ಎಂದರು ಪಾಠ ಮಾಡುತ್ತಿದ್ದವರು. ಒಪ್ಪಿದೆ, ಅರ್ಧ.

ಬಾಡಿಗೆ ಕೋಣೆಯ ಬೋರಿನ ಸವಳು ನೀರಿನಲ್ಲಿ ಕುಚ್ಚಲಕ್ಕಿ ಬೇಯುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಕಷ್ಟ ತುಳುವಿನದು. ಆಡಲು ಯಾರೂ ಇಲ್ಲ. ಹಾಲು ಉಕ್ಕಿದಾಗ ತುಳುವಿನಲ್ಲಿ ಬೈದು, ಆ ಭಾಷೆ ಕಿವಿಗೆ ಬಿದ್ದದ್ದಕ್ಕೇ ಹಿಗ್ಗಿದ್ದುಂಟು.

ಆದರೆ ವಾದಕ್ಕೆ ಮಾತ್ರ ಕೊರತೆಯಿರಲಿಲ್ಲ. ಹಳ್ಳಿಯ ಗುಡಿಯಲ್ಲಿ ಸಭೆ ಸೇರಿಸಿದಾಗ, ಊರಿನ ಹಿರಿಯ ಸಿದ್ದಪ್ಪ ಮುತ್ಯಾ ಒಡ್ಡಿನ ಬದಲು ಬೋರ್‌ವೆಲ್ ಕೊಡಿಸಿರಿ ಎಂದರು. ಮುತ್ಯಾ ಎಂದರೆ ಇಲ್ಲಿ ಅಜ್ಜ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಕೊರೆದ ಬೋರುಗಳು ಒಂದರ ಹಿಂದೊಂದು ಬತ್ತಿದ್ದನ್ನು, ಒಬ್ಬನ ಬೋರು ಪಕ್ಕದವನ ನೀರು ಎಳೆದದ್ದನ್ನು ಅವರ ಬಾಯಿಂದಲೇ ಹೇಳಿಸಿದೆ. ಒಬ್ಬೊಬ್ಬರಾಗಿ ಸುಮ್ಮನಾದರು. ಶ್ರಮದಾನಕ್ಕೆ ದಿನ ಗೊತ್ತುಮಾಡಿ ಹೇಳಿದೆ, ಯಾರೂ ಬೇಡವೆನ್ನಲಿಲ್ಲ. ಕಾಲೇಜಿನಲ್ಲಿ ಎದುರಾಳಿ ಸುಮ್ಮನಾದನೆಂದರೆ ಕಪ್ ನಮ್ಮದು. ಗೆದ್ದೆ ಎಂದು ಬಸ್ಸು ಹತ್ತಿದ್ದೆ.

ಇದನ್ನೆಲ್ಲ ನೆನೆಯುತ್ತ ಕುಳಿತಿದ್ದಾಗ ಹಳ್ಳದ ದಡದಲ್ಲಿ ಯಾರೋ ಕೂಗಿದರು. ಮುತ್ಯಾರ ಸೊಸೆ ನೀಲವ್ವ, ತಲೆಯ ಮೇಲೆ ರೊಟ್ಟಿ ಬುಟ್ಟಿ.

"ಬಾಯಾರ, ಅಮಾಸಿ ದಿನ ಒಬ್ರ ಹಳ್ಳದಾಗ ಏನ್ ಮಾಡಾಕತ್ತೀರಿ?"

ಎಳ್ಳ ಅಮಾವಾಸ್ಯೆ. ಊರೆಲ್ಲ ಅಡುಗೆ ಹೊತ್ತು ಹೊಲಕ್ಕೆ ಹೋಗಿ ಉಣ್ಣುವ ದಿನ. ಹಿಂದಿನ ರಾತ್ರಿ ಸಿಂದಗಿಯಲ್ಲಿ ನಮ್ಮ ಓಣಿಯೆಲ್ಲ ಎಳ್ಳು ಹುರಿದ ವಾಸನೆ ಬಂದಾಗ, ಯಾರದೋ ಮನೆಯ ಕಾರ್ಯವೆಂದು ನಾನು ಬಾಗಿಲು ಹಾಕಿಕೊಂಡಿದ್ದೆ. ಸಭೆಯಲ್ಲೇ ಯಾಕೆ ಹೇಳಲಿಲ್ಲ ಎಂದು ನೀಲವ್ವನನ್ನು ಕೇಳಿದೆ.

"ಹೇಳಿದ್ರ ನೀವು ಅದಕ್ಕೂ ವಾದ ಹಚ್ಚತಿದ್ರಿ. ಯಾರಿಗಿ ಬೇಕ್ರಿ ಅದು?" ನಗುತ್ತಲೇ ಅಂದಳು. "ಬರ್ರಿ, ಹಸದ ಹೊಟ್ಟಿಲೆ ಕುಂಡರಬಾರ್ದು."

ಅವರ ಹೊಲದಲ್ಲಿ ಜೋಳ ನೀರಿಲ್ಲದೆ ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿತ್ತು. ಆದರೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ. ಉಣ್ಣುವ ಮೊದಲು ಎಲ್ಲವನ್ನೂ ಕಲಸಿ ಹೊಲದ ನಾಲ್ಕೂ ಕಡೆ ಚೆಲ್ಲಿದರು. ಭೂಮಿತಾಯಿಯ ಪಾಲು, ಅದಕ್ಕೆ ಚರಗ ಎನ್ನುತ್ತಾರೆ. ಬರದ ವರ್ಷ ಅನ್ನ ಮಣ್ಣಿಗೆ ಚೆಲ್ಲುವುದೇ? ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನೀಲವ್ವ ಕೈಗೆ ರೊಟ್ಟಿ ಇಟ್ಟಳು. ಆ ಪ್ರಶ್ನೆ ಇಂದಿಗೂ ನನ್ನಲ್ಲೇ ಇದೆ, ಬಿಟ್ಟುಕೊಟ್ಟಿಲ್ಲ.

ಊಟದ ನಡುವೆ ಮುತ್ಯಾರನ್ನು ಕೇಳಿದೆ, ನಾಳೆ ಹಳ್ಳಕ್ಕೆ ಬರುತ್ತೀರಾ ಎಂದು. ಹಿಂದೆ ಮುಂದೆ ಕಾರಣ ಜೋಡಿಸದೆ ನಾನು ಆ ಊರಿನಲ್ಲಿ ಆಡಿದ ಮೊದಲ ಮಾತು ಅದೇ ಇರಬೇಕು. ಅವರು ರೊಟ್ಟಿ ಮುರಿಯುತ್ತಲೇ ಅಂದರು.

"ಬರ್ತೇವು. ಹಳ್ಳ ನಮ್ದ ಐತಿ. ಆದ್ರ ಬೋರಿನ ಮಾತು ಮುಗದಿಲ್ಲ ನೋಡ ತಂಗಿ."

ನಾನೂ ಮುಗಿಸಿಲ್ಲ ಎಂದೆ.

"ಮೊದಲ ರೊಟ್ಟಿ ಮುಗಸು," ಎಂದರು.

ಮರುದಿನ ಬಂದರು, ಎಲ್ಲರೂ ಅಲ್ಲ. ಕೆಲವು ಮನೆಯವರು ಕೊನೆಯವರೆಗೂ ಬರಲಿಲ್ಲ. ಅವರ ಹೊಲಗಳ ಮೇಲೆ ಹಾದು ಹೋಗುವಾಗ ಈಗಲೂ ನನ್ನ ನಮಸ್ಕಾರಕ್ಕೆ ಉತ್ತರ ಬರುವುದಿಲ್ಲ. ಒಡ್ಡು ಮಾತ್ರ ಬೇಸಗೆಗೆ ಮುಂಚೆ ಎದ್ದಿತು. ಅದರ ಹಿಂದೆ ನಿಲ್ಲಲು ನೀರು ಬೇಕಿತ್ತು, ಅಷ್ಟೆ.

ಜೂನ್‌ನಲ್ಲಿ ರಜೆ ಹಾಕಿ ಮಂಗಳೂರಿಗೆ ಬಂದೆ. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಕುಚ್ಚಲಕ್ಕಿ ಗಂಜಿ, ಬಾಯ್ತುಂಬ ತುಳು. ಬಯಸಿದ್ದೆಲ್ಲ ಸಿಕ್ಕಿತ್ತು, ಆದರೂ ದಿನಕ್ಕೊಮ್ಮೆ ಎಸ್‌ಟಿಡಿ ಬೂತಿಗೆ ಹೋಗಿ ಸಿಂದಗಿಯ ಕಚೇರಿಗೆ ಫೋನು ಮಾಡಿ ಮೋಡದ ಸುದ್ದಿ ಕೇಳುತ್ತಿದ್ದೆ. ಒಂದು ಸಂಜೆ ಅಮ್ಮ ಒಣಗದ ಬಟ್ಟೆಗಳನ್ನು ಒಳಗೆ ಹರವುತ್ತಾ ಈ ದರಿದ್ರ ಮಳೆ ಎಂದು ಬೈದರು.

ಹಾಗೆ ಬೈಯಬೇಡ, ನಮ್ಮಲ್ಲಿ ಇನ್ನೂ ಒಂದು ಹನಿ ಬಿದ್ದಿಲ್ಲ ಎಂದೆ.

ಅಮ್ಮ ಬಟ್ಟೆ ಹಿಡಿದುಕೊಂಡೇ ತಿರುಗಿ ನೋಡಿದರು. ನಮ್ಮಲ್ಲಿ ಅಂದರೆ ಎಲ್ಲಿ ಮಾರಾಯ್ತಿ, ಎಂದು ಕೇಳಿದರು.

ಕಪ್ ಗೆದ್ದ ಬಾಯಿ ಸುಮ್ಮನಾಯಿತು. ಒಪ್ಪಿ ಸುಮ್ಮನಾದದ್ದಲ್ಲ, ಸೋತೂ ಅಲ್ಲ. ಗುಡಿಯ ಆ ಸಭೆಯಲ್ಲಿ ಊರವರೆಲ್ಲ ಸುಮ್ಮನೆ ಕುಳಿತಿದ್ದರಲ್ಲ, ಹಾಗೆ.